ಮುಳ್ಳು ನಿಲ್ಲುವ ತನಕ

ನಮ್ಮೂರಲ್ಲಿ ತಿಂಗಳಿಗೊಮ್ಮೆ, ಒಂದೊಂದು ಕೇರಿಗೆ ಒಂದೊಂದು ದಿನ, ಎಲ್ಲರೂ ತೂಕಕ್ಕೆ ನಿಲ್ಲಬೇಕು. ಸೇತುವೆಯ ಈಚೆ ದಡದಲ್ಲಿ ಒಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಒಬ್ಬರು ನಿಲ್ಲುವಷ್ಟು ಅಗಲದ ಹಲಗೆ, ಹಲಗೆಗೆ ಸೇರಿದಂತೆ ಗಡಿಯಾರದ ಮುಖದಂಥ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಒಂದು ಮುಳ್ಳು, ಸುತ್ತ ಸಣ್ಣ ಸಣ್ಣ ಗೀಟು, ಒಂದು ಕೆಂಪು ಗೆರೆ. ಮುಳ್ಳು ಕೆಂಪಿನ ಒಳಗಿದ್ದರೆ ಮನೆಗೆ ಹೋಗಬಹುದು. ದಾಟಿದರೆ ಸೇತುವೆ ದಾಟಬೇಕು, ಅದೂ ಉಟ್ಟ ಬಟ್ಟೆಯಲ್ಲಿ. ಮನೆಗೆ ಹೋಗಿ ಒಲೆ ಆರಿಸಿ ಬರುತ್ತೇನೆ ಅನ್ನುವ ಹಾಗಿಲ್ಲ. ಆಚೆ ಏನಿದೆ ಅಂತ ನೋಡಿ ಬಂದು ಹೇಳಿದವರಿಲ್ಲ. ಮುಳ್ಳು ನೋಡಿ ಕೂಗುವ ಕೆಲಸ ನನ್ನದು, ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ. ಹೆಸರು ಹಾಲಮ್ಮ ಅಂತಿದ್ದರೂ ಊರವರ ಬಾಯಲ್ಲಿ ತೂಕದಮ್ಮ. ನಾನು ಸಿಡುಕಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಈಗ ಒಂದಿಷ್ಟು ಮೆತ್ತಗಾಗಿದ್ದರೆ ಅದು ಮರುಳಣ್ಣ ಅನ್ನುವ ಕ್ಷೌರದವನ ಪುಣ್ಯ. ಅವನ ಉಪಕಾರವನ್ನು ದಿನಾ ಬೆಳಗ್ಗೆ ಮುಖ ತೊಳೆಯುವಾಗ ನೆನೆಯುತ್ತೇನೆ. ಈಗ ಹೇಳಲು ಹೊರಟಿರುವುದೂ ಅದನ್ನೇ.

ದಪ್ಪ ಸಣ್ಣಕ್ಕೂ ನಮ್ಮ ಮುಳ್ಳಿಗೂ ಏನೂ ಸಂಬಂಧ ಇಲ್ಲ. ಎಣ್ಣೆ ಗಾಣದ ದೊಡ್ಡಯ್ಯ ಹಲಗೆ ಹತ್ತಿದರೆ ಕಟ್ಟೆಯೇ ನಡುಗುತ್ತಿತ್ತು, ಮುಳ್ಳು ಮಾತ್ರ ಅರ್ಧಕ್ಕೂ ಬರುತ್ತಿರಲಿಲ್ಲ. ಕಡ್ಡಿಯಂಥ ಹುಡುಗಿ ಗೆರೆ ದಾಟಿದ್ದನ್ನೂ ನಾನು ಕಂಡಿದ್ದೇನೆ. ಹಾಗಂತ ಜನ ಸುಮ್ಮನಿರುತ್ತಾರೆಯೇ? ತೂಕದ ಹಿಂದಿನ ದಿನ ಬೀದಿಗೆ ಬೀದಿಯೇ ಬರೀ ಮಂಡಕ್ಕಿ ತಿಂದು ಮಲಗುತ್ತಿತ್ತು. ಬಳೆ, ಕಾಲುಂಗುರ ಕಳಚಿಡುವುದು, ಮೂಗು ಸೀನಿ ಬರುವುದು, ಹಲಗೆ ಹತ್ತುವ ಮುಂಚೆ ಉಸಿರು ಪೂರ್ತಿ ಬಿಟ್ಟುಬಿಡುವುದು, ಒಂದೇ ಎರಡೇ. ಸಂಬಂಧ ನೋಡುವಾಗ ಜಾತಕಕ್ಕಿಂತ ಮೊದಲು ಹುಡುಗನ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಕೇಳುತ್ತಿದ್ದರು. ಇನ್ನು ದಾಟಿ ಹೋದವರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದು ಅಂತ ಕಾನೂನೇನೂ ಇರಲಿಲ್ಲ. ಆದರೂ ಎತ್ತುತ್ತಿರಲಿಲ್ಲ. ಮಾರನೇ ದಿನದಿಂದ ಊಟಕ್ಕೆ ಒಂದು ತಟ್ಟೆ ಕಮ್ಮಿ ಹಾಕುತ್ತಿದ್ದರು ಅಷ್ಟೇ.

ತೂಗುವವಳಿಗೆ ಇರುವುದು ಒಂದೇ ನಿಯಮ. ಮುಳ್ಳು ಅಲ್ಲಾಡುವಾಗ ಕೂಗಬಾರದು, ನಿಂತ ಮೇಲೆ ಕೂಗದೆ ಇರಬಾರದು. 'ಒಳಗೆ' ಇಲ್ಲವೇ 'ಹೊರಗೆ'. ಒಮ್ಮೆ ಕೂಗಿದ್ದನ್ನು ದೇವರು ಬಂದರೂ ತಿದ್ದುವ ಹಾಗಿಲ್ಲ. ನಾನು ಒಂದು ಸಲವೂ ತಪ್ಪಿದವಳಲ್ಲ. ಮುಳ್ಳನ್ನು ನೋಡುತ್ತಿದ್ದೆನೇ ಹೊರತು ಮುಖ ನೋಡುತ್ತಿರಲಿಲ್ಲ. ಮುಖ ನೋಡಿದರೆ ಈ ಕೆಲಸ ಆಗುವುದಿಲ್ಲ ಅಂತ ನನಗಿಂತ ಮೊದಲಿದ್ದ ಮುದುಕ ಹೇಳಿಕೊಟ್ಟಿದ್ದ.

ಮರುಳಣ್ಣ, ಆಗಿನ್ನೂ ನನಗೆ ಬರೀ ಮರುಳಪ್ಪ, ಬರುವುದಕ್ಕೆ ನಾಲ್ಕು ವರ್ಷ ಮೊದಲು ನನ್ನ ತಂಗಿ ಗಂಗಾಂಬಿಕೆ ಹಲಗೆ ಹತ್ತಿದಳು. ಒಡಹುಟ್ಟಿದವಳು ಅಂತ ನನಗಿದ್ದದ್ದು ಅವಳೊಬ್ಬಳೇ. ಮುಳ್ಳು ಓಲಾಡಿ ಓಲಾಡಿ ಕೆಂಪಿನ ಆಚೆ ಹೋಗಿ ನಿಂತಿತು, ಒಂದೇ ಒಂದು ಗೀಟು ಆಚೆ. "ಅಕ್ಕಾ" ಅಂದಳು, ಅಷ್ಟೇ. ನಾನು 'ಹೊರಗೆ' ಅಂತ ಕೂಗಿದೆ. ಅವಳು ಸೆರಗು ಸರಿಮಾಡಿಕೊಂಡು ಇಳಿದು ಹೋದಳು. ಇನ್ನೂ ಮೂವತ್ತು ಜನ ಸಾಲಿನಲ್ಲಿದ್ದರು, ಅವರನ್ನೂ ತೂಗಿದೆ. ಮನೆಗೆ ಹೋಗಿ ಮುದ್ದೆ ಕಟ್ಟಿ ಉಂಡೆ. 'ತೂಕದಮ್ಮ ಅಂದರೆ ತೂಕದಮ್ಮ, ಸ್ವಂತ ತಂಗಿಗೂ ಬಿಡಲಿಲ್ಲ' ಅಂತ ಊರು ಹೊಗಳಿತು. ಕಚೇರಿಯ ಪೇಷ್ಕಾರರು, ಅಂದರೆ ನನ್ನ ಮೇಲಿನ ಅಧಿಕಾರಿ, ಕರೆಸಿ ಶಾಲು ಹೊದಿಸಿದರು. ಆ ಶಾಲು ಹೊದ್ದುಕೊಂಡು ಮನೆಗೆ ಬರುವಾಗಲೇ ನನ್ನ ಕಾಲು ಎಳೆಯತೊಡಗಿತ್ತು.

ತೂಗುವವಳನ್ನೂ ತೂಗುತ್ತಾರೆ. ವರ್ಷಕ್ಕೊಮ್ಮೆ, ಯುಗಾದಿಯ ಮಾರನೇ ದಿನ, ಪೇಷ್ಕಾರರೇ ಬಂದು ಮುಳ್ಳು ನೋಡುತ್ತಾರೆ. ಗಂಗಾಂಬಿಕೆ ಹೋದ ಮೇಲೆ ನನ್ನ ಮುಳ್ಳು ವರ್ಷದಿಂದ ವರ್ಷಕ್ಕೆ ಏರುತ್ತಾ ಬಂತು. ಯಾರೂ ಇಲ್ಲದಾಗ ಕದ್ದು ಹಲಗೆ ಹತ್ತಿ ನೋಡಿಕೊಳ್ಳುತ್ತಿದ್ದೆ. ಒಪ್ಪೊತ್ತು ಮಾಡಿದೆ, ಉಪ್ಪು ಬಿಟ್ಟೆ, ಮೂಗುತಿಯನ್ನೂ ತೆಗೆದಿಟ್ಟೆ. ನಾಲ್ಕನೇ ವರ್ಷಕ್ಕೆ ಕೆಂಪಿಗೂ ನನಗೂ ಎರಡು ಗೀಟು ಮಾತ್ರ ಉಳಿದಿತ್ತು. ಬರುವ ಯುಗಾದಿಗೆ ನಾನು ಸೇತುವೆಯ ಆಚೆ ಅನ್ನುವುದು ಖಾತ್ರಿಯಾಗಿತ್ತು. ಯಾರಿಗೆ ಹೇಳಲಿ? ಹೊಟ್ಟೆಯಲ್ಲಿ ಹಾಕಿಕೊಂಡು ಇನ್ನಷ್ಟು ಭಾರವಾದೆ.

ಅಂಥ ಹೊತ್ತಿನಲ್ಲಿ ಮರುಳಪ್ಪ ಬಂದು ನನ್ನ ಕಟ್ಟೆಯ ಎದುರಿಗಿದ್ದ ಹೊಂಗೆ ಮರದ ಕೆಳಗೆ ಒಂದು ಮರದ ಕುರ್ಚಿ ಹಾಕಿಕೊಂಡ. ಅರವತ್ತು ದಾಟಿದ ಆಳು. ಮುಂಚೆ ಕೆರೆ ಕೇರಿಯಲ್ಲಿ ಅಂಗಡಿ ಇಟ್ಟಿದ್ದನಂತೆ, ಮುಚ್ಚಿ ಇಲ್ಲಿಗೆ ಬಂದನಂತೆ. ತೂಕಕ್ಕೆ ಬಂದವರು ಕೂದಲಿನ ಭಾರವಾದರೂ ಇಳಿಯಲಿ ಅಂತ ಅವನ ಮುಂದೆ ತಲೆ ಒಡ್ಡತೊಡಗಿದರು. ಆಶ್ಚರ್ಯ ಅಂದರೆ ಇಳಿಯುತ್ತಿತ್ತು. ಹೋದ ತಿಂಗಳು ಕೆಂಪಿನ ಹತ್ತಿರ ನಡುಗಿದವರು ಅವನ ಕುರ್ಚಿಯಿಂದ ಎದ್ದು ಬಂದು ನಿಂತರೆ ಮುಳ್ಳು ಆರು ಗೀಟು ಕೆಳಗೆ. ಊರಿಗೆ ಇಷ್ಟು ಸಾಕಲ್ಲವೇ? ಎರಡು ತಿಂಗಳಲ್ಲಿ ಗಂಡಸರು, ಹೆಂಗಸರು, ಹಾಲುಗಲ್ಲದ ಮಕ್ಕಳು, ಎಲ್ಲರ ತಲೆಯೂ ನುಣ್ಣಗೆ. ಕನ್ನಡಿ ಮುಂದೆ ಹೂ ಹಿಡಿದುಕೊಂಡು ಎಲ್ಲಿ ಮುಡಿಯುವುದು ಅಂತ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡುವ ಸ್ಥಿತಿ. ಇಡೀ ಊರಲ್ಲಿ ತಲೆ ತುಂಬ ಕೂದಲಿದ್ದದ್ದು ಇಬ್ಬರಿಗೆ, ಒಂದು ನನಗೆ, ಇನ್ನೊಂದು ಮರುಳಪ್ಪನಿಗೆ. ಅವನದು ಹತ್ತಿಯಂತೆ ಬೆಳ್ಳಗೆ, ಹೆಗಲ ತನಕ.

ನನಗೆ ಅನುಮಾನ. ಒಂದು ದಿನ ಎಂಟು ಜನರ ಕೂದಲು ಗುಡಿಸಿ ಟವೆಲಿನಲ್ಲಿ ಕಟ್ಟಿ ಹಲಗೆಯ ಮೇಲಿಟ್ಟೆ. ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಹಾಗಾದರೆ ಆರು ಗೀಟು ಎಲ್ಲಿ ಹೋಯಿತು? ಅತ್ತ ಪೇಷ್ಕಾರರಿಗೂ ಸುದ್ದಿ ಮುಟ್ಟಿತ್ತು. "ಈ ತಿಂಗಳು ಸೇತುವೆ ದಾಟಿದವರು ಇಬ್ಬರೇ ಅಂತೆ. ಆ ಮನುಷ್ಯ ಏನೋ ಕೈಚಳಕ ಮಾಡ್ತಿದಾನೆ. ಪತ್ತೆ ಮಾಡಿ ಹೇಳಮ್ಮ" ಅಂದರು. ಹೇಳುತ್ತೇನೆ ಅಂತ ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅವನನ್ನು ಹಿಡಿದುಕೊಟ್ಟರೆ ಯುಗಾದಿಯಲ್ಲಿ ಪೇಷ್ಕಾರರು ನನ್ನ ಮುಳ್ಳಿಗೆ ಸ್ವಲ್ಪ ಕಣ್ಣು ಮುಚ್ಚಿಯಾರು ಅನ್ನುವ ಆಸೆಯೂ ಒಳಗಿತ್ತು. ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಸಾಲು ಮುಗಿದ ಮೇಲೆ ಹೋಗಿ ಅವನ ಕುರ್ಚಿಯಲ್ಲಿ ಕೂತೆ. "ಏನಯ್ಯಾ ಮರುಳಪ್ಪ, ನನಗೂ ಒಂದಿಷ್ಟು ತುದಿ ಕತ್ತರಿಸು ನೋಡೋಣ" ಅಂದೆ. ಅವನು ಕತ್ತರಿಯನ್ನು ಎರಡು ಸಲ ಒರೆಸಿದ. ಆಮೇಲೆ "ಕೂತ್ಕೊಳ್ಳಿ ತೂಕದಮ್ಮ" ಅಂತ ನನ್ನ ಬೆನ್ನ ಹಿಂದೆ ಬಂದು ಬಾಚತೊಡಗಿದ. ಮಂತ್ರ ಇಲ್ಲ, ಮದ್ದು ಇಲ್ಲ, ಬರೀ ಬಾಚಣಿಗೆ. ಸುಮ್ಮನೆ ಕೂರಲಾಗದೆ ನಾನೇ ಶುರು ಮಾಡಿದೆ. ಕಟ್ಟೆಯ ಮೇಲೆ ನೆರಳಿಲ್ಲ, ಈ ಸಲದ ಅಕ್ಕಿ ಬರೀ ನುಚ್ಚು, ಪಕ್ಕದ ಮನೆಯವಳು ನೀರಿನ ಬಿಂದಿಗೆ ನನ್ನ ಬಾಗಿಲಲ್ಲೇ ಇಡುತ್ತಾಳೆ. ಒಂದು ಮಾತು ಮುಗಿದಾಗೆಲ್ಲ ಅವನು "ಹ್ಞೂಂ, ಹೇಳಿ" ಅನ್ನುತ್ತಿದ್ದ. ಬೇರೆ ಒಂದಕ್ಷರ ಇಲ್ಲ. ಅಯ್ಯೋ ಪಾಪ ಅನ್ನಲಿಲ್ಲ, ಬುದ್ಧಿ ಹೇಳಲಿಲ್ಲ, ನಮ್ಮನೇಲೂ ಹಾಗೇ ಅಂತ ತನ್ನ ಕಥೆ ತೆಗೆಯಲಿಲ್ಲ. ಬಾಚಣಿಗೆ ಮೇಲಿನಿಂದ ಕೆಳಗೆ, ಮೇಲಿನಿಂದ ಕೆಳಗೆ. ಎಲ್ಲೋ ನಡುವೆ ನನ್ನ ಬಾಯಿಂದ "ನಮ್ಮ ಗಂಗಾಂಬಿಕೆ" ಅಂತ ಬಂದುಬಿಟ್ಟಿತು. ನಾಲ್ಕು ವರ್ಷದಲ್ಲಿ ಆ ಹೆಸರು ನನ್ನ ಕಿವಿಗೇ ಬಿದ್ದಿರಲಿಲ್ಲ. ಬಾಚಣಿಗೆ ನಿಂತಿತು. ನಿಂತದ್ದು ಮತ್ತೆ ಆಡಿತು. "ಹ್ಞೂಂ, ಹೇಳಿ" ಅಂದ.

ಹೇಳಿದೆ. ಒಂದು ಗೀಟು ಅಂತ ಹೇಳಿದೆ, ಅಕ್ಕಾ ಅಂದಳು ಅಂತ ಹೇಳಿದೆ, ನಾನು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ ಅಂತಲೂ ಹೇಳಿದೆ. ಬಿಸಿಲು ಮರದ ಆಚೆ ಹೋಗುವ ತನಕ ಅತ್ತೆ. ಎದ್ದು ನಿಂತಾಗ ಕಾಲು ನನ್ನವೇ ಅಲ್ಲ ಅನ್ನಿಸಿತು. ನೇರ ಹೋಗಿ ಹಲಗೆ ಹತ್ತಿದೆ. ಮುಳ್ಳು ಒಂಬತ್ತು ಗೀಟು ಇಳಿದಿತ್ತು. ತಿರುಗಿ ನೋಡಿದರೆ ಮರುಳಪ್ಪ ನೆಲ ಗುಡಿಸುತ್ತಿದ್ದ. ಒಂದು ಕೂದಲನ್ನೂ ಅವನು ಕತ್ತರಿಸಿರಲಿಲ್ಲ.

ಮಾರನೇ ದಿನ ಪೇಷ್ಕಾರರ ಮುಂದೆ ನಿಂತೆ. "ಕೂದಲೇ ಸಾರ್. ತೂಗಿ ನೋಡಿದೆ. ನಮ್ಮೂರ ನೀರಿಗೆ ಕೂದಲು ಭಾರ ಬರುತ್ತೆ" ಅಂದೆ. ಹುಟ್ಟಿದ ಮೇಲೆ ಕಚೇರಿಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ನನ್ನ ಮಾತು ಅಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ ಅಂತ ಅವರು ನಂಬಿದ್ದರಲ್ಲ, ನಂಬಿಬಿಟ್ಟರು. ಯುಗಾದಿ ಬಂತು, ಹೋಯಿತು. ನಾನು ಒಳಗೇ ಉಳಿದೆ.

ಅಲ್ಲಿಂದ ನನಗೆ ಹೊಸ ಹುಚ್ಚು ಹಿಡಿಯಿತು. ಅವನು ಮಾಡುವುದನ್ನು ನಾನೂ ಮಾಡಬೇಕು. ಹಲಗೆ ಹತ್ತಿದವರ ಮುಖಕ್ಕೆ ಮುಖ ಕೊಟ್ಟು "ಏನಿದೆ ಮನಸಲ್ಲಿ, ಹೇಳು" ಅಂತ ಕೇಳತೊಡಗಿದೆ. ಜನ ಗಡಗಡ ನಡುಗಿದರು. ಬಾವಿ ಬೀದಿಯ ಸರ್ವಮಂಗಳ ಅಂತೂ "ನಾನೇನೂ ಮಾಡಿಲ್ಲ ತೂಕದಮ್ಮ" ಅಂತ ಕೈಮುಗಿದು ಅತ್ತೇಬಿಟ್ಟಳು. ಮುಳ್ಳು ಇಳಿಯುವ ಬದಲು ಎರಡು ಗೀಟು ಏರಿತು. ಮರದ ಕೆಳಗಿನಿಂದ ಮರುಳಪ್ಪ ನಗುತ್ತಿದ್ದ. ನನಗೆ ಸಿಟ್ಟು ಬಂತು. "ಹಲ್ಲು ಕಿರೀಬೇಡ, ಹೇಳಿಕೊಡು" ಅಂದೆ. "ಪೊಲೀಸ್ನೋರ ಹಾಗೆ ಎದುರಿಗೆ ನಿಂತ್ರೆ ಯಾರು ಬಾಯಿ ಬಿಡ್ತಾರೆ? ಕೇಳೋರು ಬೆನ್ನ ಹಿಂದೆ ಇರಬೇಕು ತೂಕದಮ್ಮ. ಕೈಗೆ ಏನಾದ್ರೂ ಕೆಲಸ ಇರಬೇಕು. ಹೇಳೋರಿಗೆ ಮರ ಕಾಣಬೇಕು, ನಿಮ್ಮ ಮುಖ ಕಾಣಬಾರದು" ಅಂದ.

ಹಲಗೆಯನ್ನು ತಿರುಗಿಸಿ ಹಾಕಿದೆ. ನಿಂತವರ ಮುಖ ಹೊಂಗೆ ಮರದ ಕಡೆ, ಬಿಲ್ಲೆ ಹಿಂದೆ, ನಾನು ಬಿಲ್ಲೆಯ ಪಕ್ಕ ಬಟ್ಟೆ ಹಿಡಿದು ಹಿತ್ತಾಳೆ ಒರೆಸುತ್ತಾ. ಕೇಳಲು ಕಲಿಯುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಬಾಯಿ ಸುಮ್ಮನಿರಲ್ಲ, ನಡುವೆ ಹಾರುತ್ತದೆ. ನಾಲಗೆ ಕಚ್ಚಿಕೊಂಡೆ. ಆರು ತಿಂಗಳು ಹಿಡಿಯಿತು. ಕೊನೆಗೊಂದು ದಿನ ಅದೇ ಸರ್ವಮಂಗಳ ಮರವನ್ನು ನೋಡುತ್ತಾ, ಯಾರೂ ಕೇಳದಿದ್ದರೂ, ದಾಟಿ ಹೋದ ತನ್ನ ಅತ್ತೆಯ ಹೆಸರೆತ್ತಿದಳು. ಮುಳ್ಳು ನನ್ನ ಕಣ್ಣೆದುರೇ ಜಾರಿ ಇಳಿಯಿತು. ಅವಳು ಹೋದ ಮೇಲೆ ನಾನು ಮರದ ಕಡೆ ನೋಡಿ ತಲೆಯಾಡಿಸಿದೆ. ಅವನೂ ಆಡಿಸಿದ. ಆವತ್ತಿನಿಂದ ನನ್ನ ಬಾಯಲ್ಲಿ ಅವನು ಮರುಳಣ್ಣ ಆದ.

ಊರು ಬದಲಾಯಿತು. ಕೂದಲು ಮತ್ತೆ ಬೆಳೆಯಿತು. ಸೇತುವೆ ದಾಟುವವರು ತಿಂಗಳಿಗೆ ಒಬ್ಬರು, ಕೆಲವು ತಿಂಗಳು ಅದೂ ಇಲ್ಲ. ನಾನು ಖುಷಿಯಲ್ಲಿ ಒಂದನ್ನು ನೋಡಲೇ ಇಲ್ಲ. ಕೆರೆ ಕೇರಿಯ ತೂಕದ ದಿನ ಮರುಳಣ್ಣನೂ ಹಲಗೆ ಹತ್ತುತ್ತಿದ್ದ, 'ಒಳಗೆ' ಅಂತ ಕೂಗುತ್ತಿದ್ದೆ, ಇಳಿಯುತ್ತಿದ್ದ. ಅವನ ಮುಳ್ಳು ಪ್ರತಿ ತಿಂಗಳೂ ಎರಡು ಮೂರು ಗೀಟು ಏರುತ್ತಿದ್ದದ್ದು ಕೆಂಪಿನ ಹತ್ತಿರ ಬಂದಾಗಲೇ ನನ್ನ ತಲೆಗೆ ಹೊಳೆದದ್ದು. ಎಲ್ಲರ ತಲೆಯನ್ನೂ ಅವನು ಮುಟ್ಟುತ್ತಿದ್ದ, ಅವನ ತಲೆ ಮುಟ್ಟುವವರು ಯಾರಿದ್ದರು? "ನೀನೂ ಏನಾದ್ರೂ ಹೇಳು ಮರುಳಣ್ಣ" ಅಂತ ಬಲವಂತ ಮಾಡಿದೆ. "ನನ್ನದೇನಿದೆ ಬಿಡಿ" ಅಂತ ಕತ್ತರಿಗೆ ಎಣ್ಣೆ ಹಾಕುತ್ತಾ ಕೂತ.

ಮುಂದಿನ ತೂಕದ ದಿನ ಪೇಷ್ಕಾರರು ಕುರ್ಚಿ ತರಿಸಿಕೊಂಡು ಕಟ್ಟೆಯ ಪಕ್ಕದಲ್ಲೇ ಕೂತರು. ಒಂದು ವರ್ಷದಲ್ಲಿ ಇಷ್ಟು ಕಮ್ಮಿ ಜನ ದಾಟಿದ್ದು ಹೇಗೆ ಅಂತ ಮೇಲಿನವರು ಕೇಳಿದ್ದರಂತೆ. ಅರ್ಧ ಕೇರಿ ಮುಗಿದ ಮೇಲೆ ಮರುಳಣ್ಣನ ಸರದಿ ಬಂತು. ಅವನು ಹತ್ತಿದ. ಮುಳ್ಳು ಕೆಂಪನ್ನು ದಾಟಿ ಏಳೆಂಟು ಗೀಟು ಆಚೆ ಹೋಗಿ ಓಲಾಡತೊಡಗಿತು. ನಿಂತರೆ ನಾನು ಕೂಗಲೇಬೇಕು. ಪೇಷ್ಕಾರರು ಕತ್ತು ಉದ್ದ ಮಾಡಿ ಬಿಲ್ಲೆ ನೋಡುತ್ತಿದ್ದಾರೆ. ಸಾಲಿನಲ್ಲಿದ್ದವರೆಲ್ಲ ನೆಲ ನೋಡುತ್ತಿದ್ದಾರೆ.

ನಾನು ಅವನ ಸೊಂಟದ ಚೀಲಕ್ಕೆ ಕೈ ಹಾಕಿ ಬಾಚಣಿಗೆ ತೆಗೆದುಕೊಂಡೆ. ಹಿಂದೆ ನಿಂತು ಆ ಬಿಳಿ ಕೂದಲು ಬಾಚತೊಡಗಿದೆ. "ಹೇಳು ಮರುಳಣ್ಣ" ಅಂದೆ. "ಏನಮ್ಮ ಇದು, ಕೂಗು" ಅಂದರು ಪೇಷ್ಕಾರರು. "ಮುಳ್ಳು ನಿಂತಿಲ್ಲ ಸಾರ್. ಅಲ್ಲಾಡುವಾಗ ಕೂಗೋ ಹಾಗಿಲ್ಲ, ನೀವೇ ಕಲಿಸಿದ್ದು" ಅಂದೆ.

ಬಾಚುತ್ತಿದ್ದಂತೆ ಮರುಳಣ್ಣ ಬಾಯಿ ಬಿಟ್ಟ. "ನನ್ನ ಹೆಂಡ್ತಿ ಬಸಲಿಂಗಮ್ಮ. ಮೂರು ದಿನ ಊಟಕ್ಕೆ ಬಡಿಸ್ತಾ, ಒಂದು ಮಾತಿದೆ ಅಂದಳು. ಮೊದಲು ಸಾರು ಹಾಕು ಅಂದೆ. ಎರಡನೇ ದಿನ ಇರಲಿ ಬಿಡು ಅಂದೆ. ಮೂರನೇ ದಿನ ಅದನ್ನೂ ಅನ್ನದೆ ಎದ್ದು ಕೈ ತೊಳಕೊಂಡೆ. ನಾಲ್ಕನೇ ದಿನ ಇಲ್ಲಿ ನಿಂತಳು. ಏನು ಹೇಳೋಕೆ ಬಂದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ." ಮುಳ್ಳು ಇಳಿಯುತ್ತಿತ್ತು. ನನ್ನ ಕೈ ಬಾಚುತ್ತಲೇ ಇತ್ತು. "ಆವತ್ತು ಕೂಗಿದವಳು ನೀನೇ ಹಾಲವ್ವ. ನನ್ನ ಮುಖಾನೂ ನೋಡಲಿಲ್ಲ, ಅವಳ ಮುಖಾನೂ ನೋಡಲಿಲ್ಲ. ನೀನು ಆ ಸೇತುವೆ ದಾಟೋದನ್ನ ಕಣ್ಣಾರೆ ನೋಡ್ಬೇಕು ಅಂತಲೇ ನಾನು ಎದುರಿಗೆ ಕುರ್ಚಿ ಹಾಕಿದ್ದು. ಜನ ಸುಮ್ಮನೆ ಬಂದು ಮಾತಾಡೋರು, ಕೇಳಿಸ್ಕೊಂಡೆ. ಹೆಂಡ್ತಿಗೆ ಕೊಡದ ಕಿವಿ ಇವರಿಗಾದ್ರೂ ಕೊಡೋಣ ಅಂತ. ಆಮೇಲೆ ನೀನೇ ಬಂದು ಕೂತೆ. ತಂಗಿ ತಂಗಿ ಅಂತ ಅತ್ತೆ. ನಿನ್ನ ತಲೆ ನನ್ನ ಕೈಯಲ್ಲಿತ್ತು, ಕೂಸಿನ ತಲೆ ಹಾಗೆ ಬಿಸಿಯಾಗಿತ್ತು. ಸಿಟ್ಟು ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ. ಸಿಟ್ಟಿರೋ ತನಕ ನಾನು ಹಗುರಾಗೇ ಇದ್ದೆ. ಅದು ಹೋದ ಮೇಲೆ ಅವಳು ನೆನಪಾಗೋಕೆ ಶುರುವಾದಳು."

ಅಷ್ಟು ಹೇಳಿ ನಿಲ್ಲಿಸಿದ. ಮುಳ್ಳೂ ನಿಧಾನವಾಯಿತು. ಕೆಂಪಿನ ಆಚೆ, ಒಂದು ಗೀಟು ಆಚೆ ಬಂದು ತೂಗುತ್ತಿತ್ತು. ಬಸಲಿಂಗಮ್ಮನ ಮುಖ ಎಷ್ಟು ತಡಕಿದರೂ ಸಿಗಲಿಲ್ಲ. ಅಷ್ಟು ಜನರನ್ನು ಕಳಿಸಿದ್ದೇನೆ, ಒಂದು ಮುಖವೂ ನನ್ನಲ್ಲಿ ಇಲ್ಲ. ಈ ಕ್ಷಣ ಸುಳ್ಳು ಕೂಗಿಬಿಡಲೇ ಅಂದುಕೊಂಡೆ. ಪೇಷ್ಕಾರರ ಕಣ್ಣು ಬಿಲ್ಲೆಯ ಮೇಲೇ ಇತ್ತು. ನನಗೆ ಬೇರೆ ಏನೂ ತೋಚದೆ, ನಿಜವಾಗಿ ತಿಳಿಯಬೇಕು ಅನ್ನಿಸಿ ಕೇಳಿದೆ. "ತಪ್ಪಾಯ್ತು ಮರುಳಣ್ಣ. ನನಗೆ ಅವಳ ನೆನಪಿಲ್ಲ. ಹೇಗಿದ್ದಳು, ಹೇಳ್ತೀಯಾ?"

ಅವನು ಹೊಂಗೆ ಮರದ ಕಡೆ ನೋಡಿದ. ದನಿಯೇ ಬೇರೆಯಾಯಿತು. "ಜಗಳಗಂಟಿ" ಅಂದ. "ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಅಂತ ಎರಡು ಸಲ ಹಾಕೋಳು. ಬೈದರೆ, ನಿಮ್ಮ ನಾಲಗೆಗೆ ಇದೇ ಹೆಚ್ಚು ಅನ್ನೋಳು. ನಗು ಬಂದ್ರೆ ಅವಳಿಗೆ ನಿಲ್ಲೋಕೆ ಆಗ್ತಿರಲಿಲ್ಲ, ಎಲ್ಲಿದ್ರೂ ಕೂತುಬಿಡೋಳು. ಒಂದು ಸಲ ಸಂತೆ ನಡುವೆ ಯಾರದೋ ಈರುಳ್ಳಿ ರಾಶಿ ಮೇಲೆ ಕೂತು ನಕ್ಕಿದ್ದಾಳೆ. ಆ ಈರುಳ್ಳಿಯವನೂ ಬೈಯೋಕೆ ಬಂದು ತಾನೂ ನಗ್ತಾ ನಿಂತ." ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು "ಹೌದು, ನಾನೂ ಅವತ್ತು ಸಂತೇಲಿದ್ದೆ, ಬಸಲಿಂಗಕ್ಕ ನನ್ನ ಕೈ ಹಿಡಿದುಕೊಂಡು ಎದ್ದಳು" ಅಂದರು. ಮರುಳಣ್ಣ ನಕ್ಕ. ಅವನು ನಕ್ಕದ್ದಕ್ಕೆ ಹಲಗೆ ಕುಣಿಯಿತು, ಮುಳ್ಳು ಕುಣಿಯಿತು, ಕುಣಿಯುತ್ತಾ ಕುಣಿಯುತ್ತಾ ಕೆಂಪಿನ ಈಚೆ ಬಂದು ನಿಂತಿತು. ನಾನು ಮೂರು ಸಲ ನೋಡಿದೆ. ಪೇಷ್ಕಾರರೂ ನೋಡಿದರು. "ಒಳಗೆ" ಅಂತ ಕೂಗಿದೆ. ಆಚೆ ದಡಕ್ಕೂ ಕೇಳಿಸಿರಬೇಕು.

ಪೇಷ್ಕಾರರು ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಏನೂ ಬರೆದುಕೊಳ್ಳದೆ ಎದ್ದು ಹೋದರು. ಮತ್ತೆ ಅವರು ಕುರ್ಚಿ ತರಿಸಲಿಲ್ಲ. ಅವರ ಮನೆಯಿಂದ ಯಾರು ದಾಟಿದ್ದರೋ ನನಗೆ ಗೊತ್ತಿಲ್ಲ. ಸಾಲು ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮರುಳಣ್ಣ ಅಲ್ಲೇ ಕಾಯುತ್ತಿದ್ದ. ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು ಕುರ್ಚಿ ತೋರಿಸಿದ. ಅವನ ಹೆಂಡತಿಯನ್ನು ಆಚೆಗೆ ಕಳಿಸಿದವಳು ನಾನು. ಅವನು ನನ್ನ ಕೂದಲು ಬಿಚ್ಚಿ ಸಿಕ್ಕು ಬಿಡಿಸುತ್ತಿದ್ದ. ಇಷ್ಟು ದೊಡ್ಡ ಮನಸ್ಸಿಗೆ ನಾನು ಏನು ಕೊಟ್ಟರೂ ಕಮ್ಮಿಯೇ. ಕಣ್ಣು ತುಂಬಿ ಬಂತು, ತುಂಬಲಿ ಅಂತ ಬಿಟ್ಟೆ.

"ಆವತ್ತು ನೀನು ನಿನ್ನ ತಂಗಿ ಹೋದದ್ದನ್ನ ಮಾತ್ರ ಹೇಳಿದೆ ಹಾಲವ್ವ. ಅವಳು ಹೇಗಿದ್ದಳು ಅಂತ ಹೇಳಲೇ ಇಲ್ಲ" ಅಂದ.

"ಸುಳ್ಳುಗಾತಿ" ಅಂದೆ. "ಚಿಕ್ಕವಳಿದ್ದಾಗ ಡಬ್ಬದಿಂದ ಬೆಲ್ಲ ಕದ್ದು ತಿಂದು, ಇರುವೆ ತಿಂದವು ಅನ್ನೋಳು. ತುಟಿ ಮೇಲೆ ಬೆಲ್ಲ ಹಾಗೇ ಅಂಟಿಕೊಂಡಿರ್ತಿತ್ತು. ಅವ್ವ ಕೋಲು ತಗೊಂಡು ಬರೋ ಅಷ್ಟರಲ್ಲಿ ನಾನೇ ನನ್ನ ಲಂಗದ ತುದೀಲಿ ಒ‌ರೆಸಿಬಿಡ್ತಿದ್ದೆ."